ಶೀಟಿನ ಮೇಲೆ ಕಲ್ಲು

ಹೋದ ಏಪ್ರಿಲ್‌ನಲ್ಲಿ ನನಗೆ ಒಂದೇ ಕನಸು ನಾಲ್ಕೈದು ಸಲ ಬಿತ್ತು. ಊರ ಮನೆ, ರಾತ್ರಿ. ತೋಟದ ಕಡೆಯಿಂದ ಮೊದಲು ತೆಂಗಿನ ಗರಿಗಳ ಸದ್ದು ಬರುತ್ತದೆ, ಅದರ ಹಿಂದೆಯೇ ಗಾಳಿ. ಮನೆ ಮೇಲಿನ ಶೀಟು ಒಂದು ಮೂಲೆಯಲ್ಲಿ ಎದ್ದು ಪಟಪಟ ಬಡಿದುಕೊಳ್ಳುತ್ತದೆ. ನಾನು ಏಣಿ ಹುಡುಕುತ್ತೇನೆ, ಏಣಿ ಸಿಗೋದಿಲ್ಲ. ಎಚ್ಚರವಾದರೆ ಬೆಂಗಳೂರಿನ ಫ್ಲ್ಯಾಟು, ಐದನೇ ಮಹಡಿ, ತಲೆ ಮೇಲೆ ಗಟ್ಟಿ ಕಾಂಕ್ರೀಟು, ಫ್ಯಾನು ತನ್ನ ಪಾಡಿಗೆ ತಾನು ತಿರುಗ್ತಾ ಇದೆ.

ಮೊಬೈಲ್ ತೆಗೆದು ಕನಸಿನ ಅರ್ಥ ಹುಡುಕಿದೆ. ನಗಬೇಡಿ, ಬೆಳಗಿನ ಜಾವ ಮೂರು ಗಂಟೆಗೆ ಬಿಇ ಓದಿದವನೂ ಹುಡುಕ್ತಾನೆ. ಸಿಕ್ಕ ಉತ್ತರಗಳು ಹೀಗಿದ್ದವು: ಬಿರುಗಾಳಿ ಅಂದರೆ ಅದುಮಿಟ್ಟ ಕೋಪ. ಪ್ರವಾಹ ಅಂದರೆ ಉಕ್ಕಿ ಬರುತ್ತಿರುವ ಭಾವನೆ. ಸಿಡಿಲು ಅಂದರೆ ಥಟ್ಟನೆ ಆಗುವ ಅರಿವು. ಭೂಕಂಪ ಅಂದರೆ ಜೀವನದಲ್ಲಿ ದೊಡ್ಡ ಬದಲಾವಣೆ. ಬಸ್‌ಸ್ಟ್ಯಾಂಡಿನಲ್ಲಿ ಪಂಚಾಂಗದ ಪಕ್ಕ ಇಟ್ಟು ಮಾರುವ ಸ್ವಪ್ನಫಲದ ಪುಸ್ತಕಕ್ಕೂ ಇದಕ್ಕೂ ವ್ಯತ್ಯಾಸ ಒಂದೇ. ಅಲ್ಲಿ ಧನನಷ್ಟ, ಬಂಧುವಿಯೋಗ ಅಂತಿರುತ್ತದೆ, ಇಲ್ಲಿ ಒತ್ತಡ, ಆತಂಕ ಅಂತಿರುತ್ತದೆ. ಎರಡೂ ಎರಡು ಕಾಲಂನ ಪಟ್ಟಿ. ಎಡಗಡೆ ಕನಸು, ಬಲಗಡೆ ಅರ್ಥ. ಕನಸು ಕಂಡವನು ಯಾರು ಅನ್ನೋ ಕಾಲಂ ಎರಡರಲ್ಲೂ ಇಲ್ಲ.

ಇದು ಹೊಸ ತಕರಾರೇನೂ ಅಲ್ಲ. ಎರಡನೇ ಶತಮಾನದಲ್ಲಿ ಅರ್ಟೆಮಿಡೋರಸ್ ಎಂಬ ಗ್ರೀಕ್ ಪಂಡಿತ ಕನಸುಗಳ ಬಗ್ಗೆ ಐದು ಸಂಪುಟ ಬರೆದ. ಅವನದ್ದೂ ಒಂದು ರೀತಿ ಪಟ್ಟಿಯೇ. ಆದರೆ ಅವನು ಅರ್ಥ ಹೇಳುವ ಮೊದಲು ಕೇಳುವ ಪ್ರಶ್ನೆಗಳಿವೆ: ಕನಸು ಬಿದ್ದವನು ಬಡವನೋ ಸಾಹುಕಾರನೋ, ಗುಲಾಮನೋ ಒಡೆಯನೋ, ಮದುವೆಯಾಗಿದೆಯೋ ಇಲ್ಲವೋ, ಕಸುಬೇನು. ಮೈಮೇಲೆ ಸಿಡಿಲು ಬಡಿದ ಹಾಗೆ ಕನಸಾದರೆ ಬಡವನಿಗೆ ಒಳ್ಳೆಯದು, ಸಾಹುಕಾರನಿಗೆ ಕೆಟ್ಟದ್ದು ಅನ್ನುವುದು ಅವನ ಲೆಕ್ಕ. ಸಿಡಿಲು ಇದ್ದದ್ದನ್ನು ಸುಡುತ್ತದೆ, ಇಲ್ಲದವನ ಹತ್ತಿರ ಸುಡಲಿಕ್ಕೆ ಇರುವುದು ಬಡತನ ಮಾತ್ರ. ಒಪ್ಪುವುದು ಬಿಡುವುದು ಬೇರೆ ಮಾತು, ಈ ಮನುಷ್ಯ ಕನಿಷ್ಠ ನಿನ್ನ ಮನೆಯಲ್ಲಿ ಏನಿದೆ ಅಂತ ಕೇಳಿದ. 1900ರ ಇಸವಿ ಹಾಕಿಕೊಂಡು ಬಂದ ತನ್ನ ಕನಸಿನ ಪುಸ್ತಕದಲ್ಲಿ ಫ್ರಾಯ್ಡ್ ಕೂಡ ಇದನ್ನು ಗಮನಿಸಿ, ಬರೀ ಪಟ್ಟಿ ನೋಡಿ ಅರ್ಥ ಹೇಳುವವರಿಗಿಂತ ಇವನು ಮೇಲು ಅನ್ನುತ್ತಾನೆ. ಸಾವಿರದೆಂಟುನೂರು ವರ್ಷ ದಾಟಿ ಬಂದ ನಾವು ಮತ್ತೆ ಪಟ್ಟಿಗೇ ವಾಪಸಾಗಿದ್ದೇವೆ.

ಈಗ ನಮ್ಮ ಮನೆಯಲ್ಲಿ ಏನಿತ್ತು ಅಂತ ಹೇಳುತ್ತೇನೆ.

ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಊರು. ತೆಂಗಿನ ಸೀಮೆ. ನಮ್ಮ ಕಡೆ ಕಾಯಿ ಕಿತ್ತ ತಕ್ಷಣ ಮಾರುವುದು ಕಡಿಮೆ. ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ಆಮೇಲೆ ಸುಲಿದು, ಒಡೆದು, ಚೀಲ ತುಂಬಿ ತಿಪಟೂರು ಮಾರ್ಕೆಟ್ಟಿಗೆ. ಅಂದರೆ ಮನೆಯ ಒಂದು ವರ್ಷದ ದುಡಿಮೆ ಅಟ್ಟದಲ್ಲಿರುತ್ತದೆ, ಅದರ ಮೇಲಿರುವುದು ಶೀಟು. ಶೀಟು ಹಾರಿ ಒಂದು ರಾತ್ರಿ ಮಳೆ ಬಿದ್ದರೆ ಕೊಬ್ಬರಿ ಕೆಟ್ಟಿತು ಅಂತಲೇ ಲೆಕ್ಕ. ಬೂಷ್ಟು ಹಿಡಿದ ಕೊಬ್ಬರಿಗೆ ಎಣ್ಣೆ ಮಿಲ್ಲಿನ ರೇಟು.

ಹಾಗಾಗಿ ಭರಣಿ ಮಳೆ ಕೃತ್ತಿಕಾ ಮಳೆಗಳ ಹೊತ್ತಿಗೆ, ಮುಂಗಾರಿಗೆ ಮುಂಚೆ ಗುಡುಗು ಗಾಳಿ ಜೊತೆ ಬರುತ್ತವಲ್ಲ ಆ ದಿನಗಳಲ್ಲಿ, ಸಂಜೆ ಮೋಡ ಕಟ್ಟಿದರೆ ಅಪ್ಪ ಊಟಕ್ಕೆ ಕೂರುತ್ತಿರಲಿಲ್ಲ. ಏಣಿ ಇಟ್ಟು ಶೀಟಿನ ಮೇಲೆ ಹತ್ತುತ್ತಿದ್ದ. ಕೆಳಗಿನಿಂದ ಚಿಕ್ಕಪ್ಪ ಸೈಜುಗಲ್ಲು ಎತ್ತಿ ಕೊಡುತ್ತಿದ್ದ. ನಾನು ಲಾಟೀನು ಹಿಡಿಯುವವನು. ಅಜ್ಜಿ ಬಾಗಿಲಲ್ಲಿ ನಿಂತು ಅರ್ಜುನನ ಹತ್ತು ಹೆಸರು ಹೇಳುತ್ತಿದ್ದಳು. ಆಲಿಕಲ್ಲು ಬಿದ್ದರೆ ಒನಕೆ ತಂದು ಅಂಗಳಕ್ಕೆ ಬಿಸಾಕುತ್ತಿದ್ದಳು. ಅಜ್ಜಿಗೆ ಕನಸಿನ ಶಾಸ್ತ್ರ ಚೆನ್ನಾಗಿ ಗೊತ್ತಿತ್ತು. ಹಲ್ಲು ಬಿದ್ದರೆ ಏನು, ಹಾವು ಕಂಡರೆ ಏನು, ಮದುವೆ ಕಂಡರೆ ಯಾಕೆ ಕೆಟ್ಟದ್ದು, ಸತ್ತಂತೆ ಕಂಡರೆ ಯಾಕೆ ಆಯಸ್ಸು ಗಟ್ಟಿ, ಎಲ್ಲ ಹೇಳುತ್ತಿದ್ದಳು. ಗಾಳಿ ಕನಸಿಗೆ ಮಾತ್ರ ಅವಳ ಹತ್ತಿರ ಅರ್ಥ ಇರಲಿಲ್ಲ. ಯಾರಾದರೂ ಗಾಳಿ ಮಳೆ ಕನಸು ಬಿತ್ತು ಅಂದರೆ ಅವಳು ಕೇಳುತ್ತಿದ್ದದ್ದು, "ಶೀಟ್ ಮೇಲೆ ಕಲ್ಲು ಸರಿಯಾಗ್ ಐತಾ ನೋಡ್ದೇನೋ?"

ಬಿರುಗಾಳಿಯನ್ನು ಸಂಕೇತ ಮಾಡಿಕೊಳ್ಳಲು ಮೊದಲು ತಲೆ ಮೇಲೆ ಭದ್ರವಾದ ಸೂರು ಇರಬೇಕು ಅಂತ ನನಗೆ ಅನ್ನಿಸುವುದು ಇದಕ್ಕೇ. ಬಿರುಗಾಳಿ ನಿಜವಾಗಿ ಏನನ್ನೂ ಕಿತ್ತುಕೊಳ್ಳದ ಜಾಗದಲ್ಲಿ ಕೂತು ಬರೆದ ನಿಘಂಟುಗಳಿವು. ಅಲ್ಲಿ ಗಾಳಿ ಅಂದರೆ ಕೋಪ, ನಮ್ಮಲ್ಲಿ ಗಾಳಿ ಅಂದರೆ ಗಾಳಿ. ಆದರೆ ಈ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಯಾಕಂದ್ರೆ ಕನಸು ಬಿದ್ದಾಗ ನಾನು ಮಲಗಿದ್ದದ್ದು ಶೀಟಿನ ಕೆಳಗಲ್ಲ, ಕಾಂಕ್ರೀಟಿನ ಕೆಳಗೆ. ಈ ಗೊಂದಲದಲ್ಲಿದ್ದಾಗಲೇ ಹಳೇ ಸಿನಿಮಾ ಒಂದನ್ನು ಎರಡನೇ ಸಲ ನೋಡಿದೆ. ಬಿರುಗಾಳಿ ಕನಸಿನ ಬಗ್ಗೆ ನಾನು ಓದಿದ, ನೋಡಿದ ಎಲ್ಲದರಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಅದು.

ಸಿನಿಮಾದ ಹೆಸರು 'ಟೇಕ್ ಶೆಲ್ಟರ್'. 2011ರದ್ದು, ಜೆಫ್ ನಿಕೋಲ್ಸ್ ಬರೆದು ನಿರ್ದೇಶಿಸಿದ್ದು. ಅಮೆರಿಕದ ಒಹಾಯೋ ರಾಜ್ಯದ ಒಂದು ಸಣ್ಣ ಊರು. ಕರ್ಟಿಸ್ ಅಂತ ಒಬ್ಬ, ವಯಸ್ಸು ಮೂವತ್ತೈದು. ಮರಳು ತೆಗೆಯುವ ಕಂಪನಿಯಲ್ಲಿ ಡ್ರಿಲ್ಲಿಂಗ್ ಕೆಲಸ. ಹೆಂಡತಿ ಸಮಾಂತಾ ಹೊಲಿಗೆ ಕೆಲಸ ಮಾಡಿ ವಾರಾಂತ್ಯದ ಸಂತೆಯಲ್ಲಿ ಮಾರುತ್ತಾಳೆ. ಒಬ್ಬಳೇ ಮಗಳು ಹ್ಯಾನಾ, ಅವಳಿಗೆ ಕಿವಿ ಕೇಳಿಸೋದಿಲ್ಲ. ಕರ್ಟಿಸ್‌ನ ಕಂಪನಿಯ ಇನ್ಶೂರೆನ್ಸ್‌ನಲ್ಲಿ ಮಗಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಆಗಬೇಕಿದೆ. ಇಷ್ಟು ಜೋಡಣೆ ಆದಮೇಲೆ ಅವನಿಗೆ ಕನಸು ಶುರುವಾಗುತ್ತದೆ. ಆಕಾಶದಲ್ಲಿ ದೊಡ್ಡ ಬಿರುಗಾಳಿ ಏಳುತ್ತದೆ, ಇಂಜಿನ್ ಆಯಿಲ್ ಥರದ ಕಂದು ಹಳದಿ ಮಳೆ ಬೀಳುತ್ತದೆ. ಆ ಮಳೆಯಲ್ಲಿ ಸಾಕಿದ ನಾಯಿಯೇ ತಿರುಗಿಬಿದ್ದು ಕೈ ಕಚ್ಚುತ್ತದೆ.

ನಿಕೋಲ್ಸ್ ಇಲ್ಲಿ ಮಾಡಿರುವ ಒಂದು ಕೆಲಸ ನೋಡಿ. ಕನಸಿನಲ್ಲಿ ನಾಯಿ ಕಚ್ಚಿದ ಕೈ ಎಚ್ಚರವಾದ ಮೇಲೂ ಇಡೀ ದಿನ ನೋಯುತ್ತದೆ. ಕರ್ಟಿಸ್ ಆ ನೋವಿನ ಅರ್ಥ ಏನು ಅಂತ ಕೂರುವುದಿಲ್ಲ. ಅಂಗಳದಲ್ಲಿ ಬೇಲಿ ಹಾಕಿ ನಾಯಿಯನ್ನು ಹೊರಗೆ ಬಿಡುತ್ತಾನೆ. ಮುಂದಿನ ಕನಸಿನಲ್ಲಿ ಗೆಳೆಯ ಪಿಕಾಸಿ ಎತ್ತಿಕೊಂಡು ಬಂದರೆ, ಕೆಲಸದಲ್ಲಿ ಅವನನ್ನು ಬೇರೆ ತಂಡಕ್ಕೆ ಹಾಕಿಸಲು ನೋಡುತ್ತಾನೆ. ಇನ್ನೊಂದು ಕನಸಿನಲ್ಲಿ ಹೆಂಡತಿ ಅಡುಗೆಮನೆಯಲ್ಲಿ ತೊಪ್ಪೆಯಾಗಿ ನೆಂದು ನಿಂತು ಇವನನ್ನೇ ನೋಡುತ್ತಾಳೆ, ಪಕ್ಕದಲ್ಲಿ ಚಾಕು. ಬೆಳಿಗ್ಗೆ ಅವಳು ಮುಟ್ಟಲು ಬಂದರೆ ಅವನ ಮೈ ಹಿಂದೆ ಸರಿಯುತ್ತದೆ. ಕನಸು ಬಿರುಗಾಳಿಯಿಂದ ಶುರುವಾಗಿ ಮನೆಯವರನ್ನು ಒಬ್ಬೊಬ್ಬರಾಗಿ ಅವನಿಂದ ಕಿತ್ತುಕೊಳ್ಳುತ್ತಾ ಬರುತ್ತದೆ. ಅವನು ಹೆದರುವುದು ಗಾಳಿಗೆ ಅಂತ ಮೊದಲ ಸಲ ನೋಡಿದಾಗ ಅಂದುಕೊಂಡಿದ್ದೆ. ಈ ಸಲ ಕಂಡದ್ದು, ಗಾಳಿ ಬಂದಾಗ ಯಾರನ್ನು ನಂಬಬೇಕು ಅನ್ನುವುದು ಅವನಿಗೆ ಗೊತ್ತಿಲ್ಲ. ತನ್ನನ್ನೂ ಸೇರಿಸಿ.

ಯಾಕೆ ತನ್ನನ್ನೂ ಅಂದರೆ, ಅವನ ತಾಯಿಗೆ ಮೂವತ್ತರ ಹರೆಯದಲ್ಲೇ ಸ್ಕಿಜೋಫ್ರೇನಿಯಾ ಶುರುವಾಗಿತ್ತು. ಅವನು ಹತ್ತು ವರ್ಷದ ಹುಡುಗನಾಗಿದ್ದಾಗ ಅವಳು ಅವನನ್ನು ಕಾರಿನಲ್ಲೇ ಬಿಟ್ಟು ಎಲ್ಲೋ ಹೋಗಿಬಿಟ್ಟಿದ್ದಳು. ಈಗ ಅವನಿಗೂ ಅದೇ ವಯಸ್ಸು. ಹಾಗಾಗಿ ಅವನು ಎರಡು ಕೆಲಸ ಒಟ್ಟಿಗೆ ಮಾಡುತ್ತಾನೆ. ಒಂದು ಕಡೆ ಲೈಬ್ರರಿಗೆ ಹೋಗಿ ಮಾನಸಿಕ ಕಾಯಿಲೆಯ ಪುಸ್ತಕ ತರುತ್ತಾನೆ, ಡಾಕ್ಟರ ಹತ್ತಿರ ಹೋಗುತ್ತಾನೆ, ಆಶ್ರಯಧಾಮದಲ್ಲಿರುವ ತಾಯಿಯನ್ನು ಕಂಡು ನಿನಗೆ ಹೇಗೆ ಶುರುವಾಯಿತು ಅಂತ ವಿಚಾರಿಸುತ್ತಾನೆ. ಇನ್ನೊಂದು ಕಡೆ ಹಿತ್ತಲಿನಲ್ಲಿದ್ದ ಹಳೇ ನೆಲಮಾಳಿಗೆಯನ್ನು ಅಗೆಸಿ ದೊಡ್ಡದು ಮಾಡಲು ಹೊರಡುತ್ತಾನೆ.

ನಾನು ಆಫೀಸಿನಲ್ಲಿ ಆನ್‌ಕಾಲ್ ಇರುವ ವಾರಗಳಲ್ಲಿ ರಾತ್ರಿ ಮೂರಕ್ಕೆ ಅಲರ್ಟ್ ಬರುತ್ತದೆ. ಆಗ ಮೊದಲು ನೋಡಬೇಕಾದದ್ದು ಒಂದೇ: ಕೆಟ್ಟಿರುವುದು ಸರ್ವರೋ, ಸರ್ವರನ್ನು ಕಾಯುವ ಅಲರ್ಟ್ ವ್ಯವಸ್ಥೆಯೋ? ಗೊತ್ತಿಲ್ಲದಿದ್ದರೆ ಎರಡನ್ನೂ ಒಟ್ಟಿಗೆ ಚೆಕ್ ಮಾಡಬೇಕು. ಕರ್ಟಿಸ್ ಅದನ್ನೇ ಮಾಡುತ್ತಾನೆ. ಸಿನಿಮಾಗಳಲ್ಲಿ ತಲೆಕೆಟ್ಟವನನ್ನು ತೋರಿಸುವ ಮಾಮೂಲಿ ರೀತಿಗೂ ಇದಕ್ಕೂ ತುಂಬಾ ದೂರ. ಇವನಷ್ಟು ಕ್ರಮವಾಗಿ ತನ್ನನ್ನು ತಾನೇ ಅನುಮಾನಿಸುವ ಪಾತ್ರವನ್ನು ನಾನು ಬೇರೆ ಕಂಡಿಲ್ಲ. ಮೈಕಲ್ ಶ್ಯಾನನ್ ಎಂಬ ನಟ ಆ ಅನುಮಾನವನ್ನು ಹೆಚ್ಚು ಮಾತಿಲ್ಲದೆ, ದವಡೆ ಬಿಗಿ ಹಿಡಿದು ಇಡೀ ಚಿತ್ರ ಹೊತ್ತುಕೊಂಡು ನಡೆಯುತ್ತಾನೆ. ಒಂದು ಕಡೆ ಮಾತ್ರ ಒಡೆಯುತ್ತಾನೆ. ಲಯನ್ಸ್ ಕ್ಲಬ್ಬಿನ ಸಾಮೂಹಿಕ ಊಟದಲ್ಲಿ ಟೇಬಲ್ ಬೋರಲು ಹಾಕಿ, ಬಿರುಗಾಳಿ ಬರುತ್ತೆ ಅಂತ ಊರಿಗೆಲ್ಲ ಕೂಗಿ ಹೇಳುತ್ತಾನೆ. ಜನ ಹೆದರಿ ನೋಡುತ್ತಾರೆ. ಬಿರುಗಾಳಿಗೆ ಹೆದರಿ ಅಲ್ಲ.

ಚಿತ್ರದಲ್ಲಿ ನನಗೆ ಇಷ್ಟವಾಗದ್ದೂ ಇದೆ. ಕನಸುಗಳಲ್ಲಿ ಮುಖ ಕಾಣದ ಜನ ಕಾರಿನ ಗಾಜು ಒಡೆದು ಮಗುವನ್ನು ಎಳೆಯುವ ದೃಶ್ಯಗಳು ಮಾಮೂಲಿ ದೆವ್ವದ ಸಿನಿಮಾದಿಂದ ಸಾಲ ತಂದ ಹಾಗಿವೆ. ಬೆಚ್ಚಿಬೀಳಿಸುತ್ತವೆ, ಆಮೇಲೆ ಮರೆತುಹೋಗುತ್ತವೆ. ಆ ಮಳೆಯ ಬಣ್ಣ ಮರೆಯುವುದಿಲ್ಲ. ತಾಯಿಯ ಪಾತ್ರಕ್ಕೆ ಇನ್ನೊಂದು ದೃಶ್ಯ ಬೇಕಿತ್ತು. ಅವಳು ಮಗನ ಭಯಕ್ಕೆ ಕಾರಣವಾಗಿ ಬಂದು ಹೋಗುತ್ತಾಳೆ, ಅವಳಿಗೆ ಏನನ್ನಿಸಿತ್ತು ಅನ್ನುವುದು ಸಿಗುವುದಿಲ್ಲ.

ಆದರೆ ನಿಕೋಲ್ಸ್ ಲೆಕ್ಕ ತಪ್ಪದ ಕಡೆ ಒಂದಿದೆ, ಅದು ದುಡ್ಡು. ನೆಲಮಾಳಿಗೆಗೆ ಎಷ್ಟು ಖರ್ಚು, ಎಲ್ಲಿಂದ ಬಂತು ಅನ್ನುವುದನ್ನು ಈ ಚಿತ್ರ ಬಿಡುವುದಿಲ್ಲ. ಹೆಂಡತಿಗೆ ಹೇಳದೆ ಮನೆ ಮೇಲೆ ಸಾಲ ತೆಗೆಯುತ್ತಾನೆ. ಈಗಿನ ಪರಿಸ್ಥಿತಿಯಲ್ಲಿ ಇದು ರಿಸ್ಕ್ ಅಂತ ಬ್ಯಾಂಕಿನವನೇ ಎಚ್ಚರಿಸುತ್ತಾನೆ. ಕಂಪನಿಯ ಯಂತ್ರಗಳನ್ನು ಕೇಳದೆ ತಂದು ಮನೆಯಲ್ಲಿ ಅಗೆಯುತ್ತಾನೆ. ಅದು ಗೊತ್ತಾಗಿ ಕೆಲಸ ಹೋಗುತ್ತದೆ, ಕೆಲಸದ ಜೊತೆ ಇನ್ಶೂರೆನ್ಸ್, ಅದರ ಜೊತೆ ಮಗಳ ಆಪರೇಷನ್. ಕನಸಿನ ಬಿರುಗಾಳಿಯಿಂದ ಮನೆಯವರನ್ನು ಕಾಪಾಡಲು ಹೋಗಿ ಹಗಲಿನಲ್ಲಿ ಅವರ ತಲೆ ಮೇಲಿನ ಶೀಟನ್ನು ಅವನೇ ಬಿಚ್ಚುತ್ತಾನೆ. ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ಹೊತ್ತಿಗೆ ಬರೆದ ಕಥೆ ಇದು. ಹೊಸದಾಗಿ ಮದುವೆಯಾಗಿ ತಂದೆಯಾಗಲಿದ್ದ ದಿನಗಳಲ್ಲಿ ಕೈಗೆ ಸಿಕ್ಕಿದ್ದೆಲ್ಲ ಜಾರಿಹೋಗಬಹುದು ಅನ್ನುವ ಭಯ ತನಗಿತ್ತು ಅಂತ ನಿರ್ದೇಶಕ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ನಿಘಂಟಿನ ಪ್ರಕಾರ ಇಲ್ಲಿ ಬಿರುಗಾಳಿ ಅಂದರೆ ಆರ್ಥಿಕ ಆತಂಕ ಅಂತ ಬರೆದು ಮುಗಿಸಬಹುದು. ಆದರೆ ಹಾಗೆ ಬರೆದ ಕೂಡಲೇ ಹ್ಯಾನಾಳ ಕಿವಿ, ಕರ್ಟಿಸ್‌ನ ತಾಯಿ, ನೋಯುವ ಕೈ ಎಲ್ಲ ಬಿಟ್ಟುಹೋಗುತ್ತವೆ.

ಕೊನೆಗೆ ಒಂದು ರಾತ್ರಿ ನಿಜವಾಗಿಯೂ ಸೈರನ್ ಕೂಗುತ್ತದೆ. ಮೂವರೂ ನೆಲಮಾಳಿಗೆಗೆ ಇಳಿಯುತ್ತಾರೆ, ಗ್ಯಾಸ್ ಮಾಸ್ಕ್ ಹಾಕಿಕೊಂಡು ಮಲಗುತ್ತಾರೆ. ಎದ್ದಾಗ ಮುಗಿದಿದೆ ಅಂತ ಹೆಂಡತಿ ಹೇಳುತ್ತಾಳೆ, ಇಲ್ಲ ಇನ್ನೂ ಸದ್ದು ಕೇಳುತ್ತಿದೆ ಅನ್ನುತ್ತಾನೆ ಇವನು. ಕೀಲಿ ಅವಳ ಕಡೆ ಚಾಚುತ್ತಾನೆ, ನೀನೇ ತೆಗಿ ಅಂತ. ಅವಳು ತೆಗೆದುಕೊಳ್ಳುವುದಿಲ್ಲ. ಬಾಗಿಲು ಅವನೇ ತೆಗೆಯಬೇಕು. ಸಮಾಂತಾ ಆಗಿ ನಟಿಸಿರುವ ಜೆಸ್ಸಿಕಾ ಚಾಸ್ಟೇನ್ ಇಲ್ಲಿ ಕೂಗುವುದಿಲ್ಲ, ಅಳುವುದಿಲ್ಲ, ಗಂಡನನ್ನು ಹುಚ್ಚ ಅನ್ನುವುದೂ ಇಲ್ಲ. ಅವನು ತೆಗೆಯುತ್ತಾನೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಮುರಿದ ಕೊಂಬೆ ಎಳೆದುಹಾಕುತ್ತಿರುವ ಅಕ್ಕಪಕ್ಕದವರು. ಬಂದಿದ್ದು ಮಾಮೂಲಿ ಗಾಳಿ ಮಳೆ.

ಇಲ್ಲಿ ನಿಲ್ಲಿಸಿದ್ದರೆ ಇದು ಮನೋರೋಗದ ಬಗ್ಗೆ ಒಂದು ಒಳ್ಳೆಯ ಚಿತ್ರ ಆಗುತ್ತಿತ್ತು. ನಿಕೋಲ್ಸ್ ನಿಲ್ಲಿಸುವುದಿಲ್ಲ. ಚಿಕಿತ್ಸೆಗೆ ಮೊದಲು ಕುಟುಂಬ ಸಮುದ್ರತೀರಕ್ಕೆ ರಜೆಗೆ ಹೋಗುತ್ತದೆ. ಮರಳಿನಲ್ಲಿ ಆಡುತ್ತಿದ್ದ ಹ್ಯಾನಾ ಕಡಲಿನ ಕಡೆ ನೋಡಿ ಕೈಸನ್ನೆಯಲ್ಲಿ ಬಿರುಗಾಳಿ ಅನ್ನುತ್ತಾಳೆ. ಸಮಾಂತಾ ಹೊರಗೆ ಬರುತ್ತಾಳೆ. ಅಂಗೈ ಮೇಲೆ ಬಿದ್ದ ಹನಿ ಅದೇ ಕಂದು ಹಳದಿ. ಕಡಲ ಮೇಲೆ ಸಾಲು ಸುಂಟರಗಾಳಿ.

ನನ್ನ ಟೀಮಿನ ಗೆಳೆಯನೊಬ್ಬನಿಗೆ ಈ ಕೊನೆ ಮೋಸ ಅನ್ನಿಸುತ್ತದೆ. "ಅವನಿಗೆ ಹುಚ್ಚೋ, ಅವನು ಹೇಳಿದ್ದು ನಿಜವೋ, ಒಂದು ಡಿಸೈಡ್ ಮಾಡ್ಬೇಕಪ್ಪ, ಎರಡೂ ಕಡೆ ಆಡ್ಬಾರ್ದು" ಅಂತ ಅವನ ವಾದ. ಕೊನೆಯ ದೃಶ್ಯವೂ ಒಂದು ಕನಸೇ ಅಂತ ಹೇಳುವವರೂ ಇದ್ದಾರೆ. ಈ ಜಗಳವನ್ನು ತೂಗಿ ನೋಡಲು ನನಗೆ ನೆರವಾದದ್ದು ಎರಡು ಹಳೇ ಬಿರುಗಾಳಿಗಳು.

ಒಂದು ಯೂಂಗ್ ಕಂಡದ್ದು. ಕನಸುಗಳ ಬಗ್ಗೆ ಫ್ರಾಯ್ಡ್‌ನಷ್ಟೇ ದೊಡ್ಡ ಹೆಸರು. 1913ರ ಅಕ್ಟೋಬರ್, ರೈಲಿನಲ್ಲಿ ಹೋಗುತ್ತಿದ್ದಾಗ, ಎಚ್ಚರದಲ್ಲೇ, ಅವನ ಕಣ್ಣ ಮುಂದೆ ಪ್ರಳಯ ಬಂತು. ಉತ್ತರ ಸಮುದ್ರದಿಂದ ಆಲ್ಪ್ಸ್ ತನಕ ಹಳದಿ ಅಲೆಗಳು, ತೇಲುವ ಹೆಣಗಳು, ಆಮೇಲೆ ಕಡಲೇ ರಕ್ತ. ಪ್ರವಾಹ ಸ್ವಿಟ್ಜರ್ಲೆಂಡಿನ ಹತ್ತಿರ ಬಂದಾಗ ಅದನ್ನು ಕಾಯಲು ಬೆಟ್ಟಗಳು ಎತ್ತರ ಬೆಳೆದವಂತೆ. ತನ್ನ ದೇಶದ ಸುತ್ತ ಎದ್ದ ಗೋಡೆ! ಮುಂದಿನ ವರ್ಷ ಬೇಸಿಗೆಯ ನಡುವೆ ಇಡೀ ನೆಲ ಹೆಪ್ಪುಗಟ್ಟುವ ಕನಸು ಮೂರು ಸಲ ಬಿತ್ತು. ವೃತ್ತಿಯಲ್ಲಿ ಮನೋವೈದ್ಯ, ಹಾಗಾಗಿ ತನಗೇ ಹುಚ್ಚು ಹಿಡಿಯುತ್ತಿದೆ ಅಂತ ತೀರ್ಮಾನಕ್ಕೆ ಬಂದಿದ್ದ. ಅಷ್ಟರಲ್ಲಿ 1914ರ ಆಗಸ್ಟಿನಲ್ಲಿ ಮಹಾಯುದ್ಧ ಶುರುವಾಯಿತು. ಆ ಸುದ್ದಿ ಕೇಳಿ ತನ್ನಷ್ಟು ಸಂತೋಷಪಟ್ಟವರು ಇರಲಿಕ್ಕಿಲ್ಲ ಅನ್ನುವ ಅರ್ಥದ ಮಾತನ್ನು ಅವನೇ ಮುಂದೊಮ್ಮೆ ಸಂದರ್ಶನದಲ್ಲಿ ಆಡಿದ್ದಾನೆ. ಬಿರುಗಾಳಿ ತಲೆಯೊಳಗಿನದ್ದಲ್ಲ, ಹೊರಗಿನದ್ದು ಅಂತ ಗೊತ್ತಾಯಿತಲ್ಲ! ಲಕ್ಷಾಂತರ ಜನ ಸಾಯುವ ಯುದ್ಧ, ಒಬ್ಬನಿಗೆ ಸರ್ಟಿಫಿಕೇಟ್. ಓದಿದಾಗ ಕೋಪ ಬಂತು. ಆಮೇಲೆ, ಆ ಹತ್ತು ತಿಂಗಳು ಅವನು ಹೇಗೆ ನಿದ್ದೆ ಮಾಡಿರಬಹುದು ಅಂತಲೂ ಅನ್ನಿಸಿತು.

ಇನ್ನೊಂದು ಜರ್ಮನ್ ಚಿತ್ರಕಾರ ಡ್ಯೂರರ್‌ನದ್ದು. 1525ರ ಜೂನ್, ಒಂದು ಬುಧವಾರ ರಾತ್ರಿ ಆಕಾಶದಿಂದ ದೊಡ್ಡ ದೊಡ್ಡ ನೀರಿನ ಕಂಬಗಳು ಭೂಮಿಗೆ ಬೀಳುವ ಕನಸು ಕಂಡ. ನಡುಗುತ್ತಾ ಎದ್ದ. ಬೆಳಿಗ್ಗೆ ಅದನ್ನು ಜಲವರ್ಣದಲ್ಲಿ ಬರೆದು ಕೆಳಗೆ ವಿವರ ಬರೆದಿಟ್ಟ. ಚಿತ್ರ ಈಗ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಬಯಲು, ಅಲ್ಲೊಂದು ಇಲ್ಲೊಂದು ಮರ, ನಡುವೆ ನೀಲಿ ಕಂಬವೊಂದು ನೆಲಕ್ಕೆ ಬಡಿದು ಹರಡಿದೆ. ಆ ಕಾಲದಲ್ಲಿ ಗಾಬರಿಗೇನೂ ಕಮ್ಮಿ ಇರಲಿಲ್ಲ. 1524ರ ಫೆಬ್ರವರಿಯಲ್ಲಿ ಗ್ರಹಗಳು ಮೀನ ರಾಶಿಯಲ್ಲಿ ಸೇರುತ್ತವೆ, ಜಲಪ್ರಳಯ ಆಗುತ್ತದೆ ಅಂತ ವರ್ಷಗಟ್ಟಲೆ ಪುಸ್ತಿಕೆಗಳು ಅಚ್ಚಾಗಿದ್ದವು. ಪ್ರಳಯ ಬರಲಿಲ್ಲ, ಆದರೆ 1525ರಲ್ಲಿ ಜರ್ಮನ್ ರೈತರು ದಂಗೆ ಎದ್ದು ಸಾವಿರಾರು ಜನ ಸತ್ತರು. ಇವನ ಕನಸು ಯಾವುದರ ಸಂಕೇತ ಅಂತ ವಿದ್ವಾಂಸರು ಏನು ಬೇಕಾದರೂ ಹೇಳಲಿ. ಡ್ಯೂರರ್ ಬರೆದಿಟ್ಟದ್ದು ಬೇರೆ ಥರದ್ದು: ಮೊದಲ ನೀರು ತನ್ನಿಂದ ಸುಮಾರು ನಾಲ್ಕು ಮೈಲಿ ದೂರದಲ್ಲಿ ಬಿತ್ತು, ಕೆಲವು ದೂರ ಬಿದ್ದವು ಕೆಲವು ಹತ್ತಿರ, ಎಷ್ಟು ಎತ್ತರದಿಂದ ಬರುತ್ತಿದ್ದವೆಂದರೆ ನಿಧಾನ ಬೀಳುವ ಹಾಗೆ ಕಾಣುತ್ತಿದ್ದವು. ಕೊನೆಗೆ ದೇವರು ಎಲ್ಲ ಒಳ್ಳೆಯದು ಮಾಡಲಿ ಅನ್ನುವ ಒಂದು ಪ್ರಾರ್ಥನೆ. ದೂರ, ಎತ್ತರ, ವೇಗ ಎಲ್ಲ ಇದೆ. ಅರ್ಥ ಮಾತ್ರ ಇಲ್ಲ.

ನನಗೆ ಯೂಂಗ್‌ಗಿಂತ ಡ್ಯೂರರ್ ಹತ್ತಿರದವನು. ಯೂಂಗ್‌ಗೆ ಹೊರಗಿನ ಬಿರುಗಾಳಿ ಬಂದು ತಾನು ಸರಿ ಅಂತ ಸಾಬೀತಾಗಬೇಕಿತ್ತು. 'ಟೇಕ್ ಶೆಲ್ಟರ್'ನ ಕೊನೆಯನ್ನು ಮೋಸ ಅನ್ನುವ ಗೆಳೆಯ ಕೇಳುತ್ತಿರುವುದೂ ಅಂಥದ್ದೇ ಸಾಬೀತು. ಆದರೆ ಆ ದೃಶ್ಯದಲ್ಲಿ ಕ್ಯಾಮೆರಾ ಮೊದಲು ತೋರಿಸುವುದು ಕಡಲನ್ನಲ್ಲ, ಮುಖಗಳನ್ನು. ಮಗು ನೋಡುತ್ತದೆ, ಕರ್ಟಿಸ್ ನೋಡುತ್ತಾನೆ, ಆಮೇಲೆ ಹೆಂಡತಿಯ ಕಡೆ ತಿರುಗುತ್ತಾನೆ. ಅವಳು ನೋಡಿ, ಹೌದು ಅನ್ನುವ ಹಾಗೆ ತಲೆಯಾಡಿಸುತ್ತಾಳೆ. ಇಡೀ ಚಿತ್ರದಲ್ಲಿ ಅವನು ಒಬ್ಬನೇ ಕಂಡಿದ್ದನ್ನು ಮೊದಲ ಸಲ ಮೂರು ಜನ ಒಟ್ಟಿಗೆ ಕಾಣುತ್ತಾರೆ. ಅದು ಕನಸೋ ನಿಜವೋ ಅನ್ನುವುದಕ್ಕಿಂತ ನನಗೆ ಇದು ದೊಡ್ಡದು. ಕರ್ಟಿಸ್‌ನನ್ನು ಹಾಳು ಮಾಡಿದ್ದು ಕನಸಲ್ಲ, ಕನಸನ್ನು ಹೇಳದೆ ಸಾಲ ಮಾಡಿದ್ದು.

ಇದನ್ನು ಇಷ್ಟು ಖಾತ್ರಿಯಿಂದ ಹೇಳಲು ಕಾರಣ ಇದೆ.

ಕನಸು ಶುರುವಾಗುವ ಹೊತ್ತಿಗೆ ನನ್ನ ಪ್ರಾಜೆಕ್ಟ್ ಮುಗಿದು ನಾನು ಬೆಂಚಿನಲ್ಲಿದ್ದೆ. ಅಂದರೆ ಸಂಬಳ ಬರುತ್ತದೆ, ಕೆಲಸ ಇಲ್ಲ, ಹೀಗೆ ಎಷ್ಟು ದಿನ ಅನ್ನುವುದು ಯಾರಿಗೂ ಗೊತ್ತಿಲ್ಲ. ಪಕ್ಕದ ಸಾಲಿನ ಖುರ್ಚಿಗಳು ಒಂದೊಂದಾಗಿ ಖಾಲಿ ಆಗುತ್ತಿದ್ದವು. ಫ್ಲ್ಯಾಟಿನ ಇಎಂಐ ಇನ್ನೂ ಹದಿನಾಲ್ಕು ವರ್ಷ ಇದೆ. ಇಂಥ ಹೊತ್ತಿನಲ್ಲಿ ನಾನು ಹೆಂಡತಿಗೆ ಒಂದು ಮಾತೂ ಹೇಳದೆ ಆರು ಲಕ್ಷ ಪರ್ಸನಲ್ ಲೋನ್ ತೆಗೆದು ಊರ ಮನೆಯ ಶೀಟು ತೆಗೆಸಿ ಮೋಲ್ಡ್ ಹಾಕಿಸಲು ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟಿದ್ದೆ. ಅಪ್ಪ ಕೇಳಿರಲಿಲ್ಲ. ಬೇಡ ಅಂತಲೇ ಅಂದಿದ್ದ. ಅವನು ಈಗ ಮೋಡ ನೋಡಿ ಸುಮ್ಮನೆ ಕೂರೋದಿಲ್ಲ, ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಮ್ಮ ಹೋಬಳಿಗೆ ಮಳೆ ಇದೆಯಾ ಅಂತ ವಿಚಾರಿಸುತ್ತಾನೆ, ಆಮೇಲೂ ಏಣಿ ಹತ್ತುತ್ತಾನೆ. ಎಪ್ಪತ್ತು ದಾಟಿದವನು ಗಾಳಿಯಲ್ಲಿ ಶೀಟಿನ ಮೇಲೆ ನಿಲ್ಲುವುದು ಬೇಡ ಅಂತ ನಾನು ನನಗೇ ಹೇಳಿಕೊಂಡ ಕಾರಣ. ಅದು ಸುಳ್ಳಲ್ಲ. ಆದರೆ ನನ್ನ ಕೆಲಸ ಅಲ್ಲಾಡುತ್ತಿದ್ದಾಗ ಅಪ್ಪನ ಸೂರು ಭದ್ರ ಮಾಡಲು ಹೊರಟವನಿಗೆ ಯಾವ ಗಾಳಿಯ ಭಯ ಇತ್ತು ಅಂತ ಈಗ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಚಿತ್ರವನ್ನು ಎರಡನೇ ಸಲ ನೋಡಿದ್ದು ಹೆಂಡತಿ ಜೊತೆ. ಕರ್ಟಿಸ್ ಬ್ಯಾಂಕಿನಲ್ಲಿ ಕೂತ ದೃಶ್ಯ ಬಂದಾಗ ರಿಮೋಟ್ ತೆಗೆದು ಪಾಸ್ ಮಾಡಿದೆ. ನೀರು ಕುಡಿಯೋಕೆ ಎದ್ದೆ ಅಂತ ಅವಳು ಅಂದುಕೊಂಡಳು. ಹೇಳಿದೆ, ಬೆಂಚಿನ ವಿಷಯದಿಂದ ಶುರುಮಾಡಿ. ಅವಳು ತುಂಬಾ ಹೊತ್ತು ಟಿವಿಯ ಮೇಲೆ ನಿಂತುಹೋಗಿದ್ದ ಚಿತ್ರವನ್ನೇ ನೋಡುತ್ತಾ ಕೂತಿದ್ದಳು.

"ಎಷ್ಟ್ ಪರ್ಸೆಂಟ್ರೀ ಬಡ್ಡಿ?" ಅಂದಳು.

"ಹದಿನಾಲ್ಕು."

"ನನ್ನ ಒಡವೆ ಮೇಲೆ ಒಂಬತ್ತಕ್ಕೆ ಸಿಕ್ತಿತ್ತು. ಒಂದ್ ಮಾತು ಕೇಳಿದ್ರೆ."

ಆಮೇಲೆ ಎರಡು ದಿನ ಮಾತಾಡಲಿಲ್ಲ. ಉಳಿದರ್ಧ ಸಿನಿಮಾ ನಾವು ನೋಡಿದ್ದು ಮುಂದಿನ ಭಾನುವಾರ. ನೆಲಮಾಳಿಗೆಯ ಬಾಗಿಲ ದೃಶ್ಯದಲ್ಲಿ, ಸಮಾಂತಾ ಕೀಲಿ ತೆಗೆದುಕೊಳ್ಳದೆ ಇದ್ದಾಗ, ಇವಳು ನನ್ನ ಕಡೆ ಒಂದು ಸಲ ನೋಡಿದಳು, ಅಷ್ಟೇ.

ನನಗೆ ಬೇರೆ ಪ್ರಾಜೆಕ್ಟ್ ಸಿಕ್ಕಿದೆ, ಎಷ್ಟು ದಿನದ್ದೋ ನೋಡಬೇಕು. ಕನಸು ನಿಂತಿತು ಅಂತ ಹೇಳಲಾರೆ, ಹೋದ ವಾರವೂ ಬಿತ್ತು. ಊರಲ್ಲಿ ಮೋಲ್ಡ್ ಆಯಿತು, ಕ್ಯೂರಿಂಗೂ ಮುಗೀತು. ಮೊನ್ನೆ ಸಂಜೆ ಅಪ್ಪನಿಗೆ ಫೋನ್ ಮಾಡಿದಾಗ ಹಿಂದೆ ಗಾಳಿ ಸದ್ದು ಕೇಳುತ್ತಿತ್ತು. ಇನ್ನಾದರೂ ಆರಾಮಾಗಿ ಊಟ ಮಾಡಿ ಮಲಗು ಅಂದೆ.

"ಮಲಗ್ತೀನಿ ತಡಿಯೋ. ಹಳೇ ಶೀಟೆಲ್ಲ ದನದ ಕೊಟ್ಟಿಗೆಗೆ ಹಾಕ್ಸಿದೀನಿ. ಏಣಿ ಇಟ್ಟಿದೀನಿ, ಕಲ್ಲು ಎತ್ ಕೊಡೋಕೆ ನಿಮ್ ಚಿಕ್ಕಪ್ಪ ಬರ್ಲಿ ಅಂತ ಕಾಯ್ತಾ ಇದೀನಿ" ಅಂದ.